ಕಮಾನಿನ ದಾರಿಯ ಕಲ್ಲುಗಳು

“ಹನ್ನೆರಡೂವರೆ,” ಎಂದಳು ಅಮ್ಮ. ಹತ್ತು ನಿಮಿಷದ ಹಿಂದೆಯೂ ಹೀಗೇ ಗಡಿಯಾರ ನೋಡಿದ್ದಳು.

ಅಜ್ಜ ಬೆಳಿಗ್ಗೆ ಏಳಕ್ಕೆ ಹೊರಟವನು. ಬಿಸಿಲೇರುವ ಮೊದಲು ಕಲ್ಲಿನ ಕಮಾನು ನೋಡಿಕೊಂಡು ಹತ್ತಕ್ಕೆಲ್ಲ ಬರುತ್ತೇನೆ ಅಂದಿದ್ದ. ಒಬ್ಬರೇ ಬೇಡಪ್ಪ ಎಂದು ಅಮ್ಮ ಹೇಳಿದರೆ ನಕ್ಕಿದ್ದ. “ಆ ಕಲ್ಲಿಗೆ ಕೋಟಿಗಟ್ಟಲೆ ವರ್ಷ ವಯಸ್ಸು ಕಣೇ. ಅದರ ಮುಂದೆ ನಾನಿನ್ನೂ ಹುಡುಗ.” ಒಯ್ದದ್ದು ಊರುಗೋಲು ಮತ್ತು ಒಂದೇ ಬಾಟಲಿ ನೀರು.

ಅವರ ಓಡಾಡುವ ಮನೆಯಂಥ ವ್ಯಾನು, ಆರ್‌ವಿಯೊಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಮಾರ್ನಿಯ ತಟ್ಟೆಯಲ್ಲಿ ಸ್ಯಾಂಡ್‌ವಿಚ್ ಒಣಗುತ್ತಿತ್ತು. ನೆಬ್ರಾಸ್ಕಾದಿಂದ ಯೂಟಾದ ಈ ಮರುಭೂಮಿಯವರೆಗೆ, ಮೂರು ದಿನವೂ ಮುಂದಿನ ಸೀಟಿನಲ್ಲಿ ಕೂತು ನಕಾಶೆ ಓದಿದವನು ಅಜ್ಜ. ಅವನು ದಾರಿ ತಪ್ಪುವುದುಂಟೇ?

ಅಜ್ಜನನ್ನು ಹುಡುಕಲು ಹೋಗಿದ್ದ ಪಾರ್ಕಿನ ರೇಂಜರ್ ಯೊಲಾಂಡ ಬಾಗಿಲಲ್ಲಿ ಕಾಣಿಸಿಕೊಂಡರು. ಮುಖವೆಲ್ಲ ಕೆಂಪು ಧೂಳು.

“ಕಮಾನಿನವರೆಗೂ ಹೋಗ್ಬಂದೆ. ಅಲ್ಲಿಲ್ಲ. ಇನ್ನಿಬ್ಬರನ್ನ ಕರೆಸ್ತಿದ್ದೀನಿ. ಆದ್ರೆ ಎಲ್ಲಾ ಬರೀ ಬಂಡೆ, ಹೆಜ್ಜೆ ಮೂಡಲ್ಲ. ಅದಕ್ಕೇ ನಾವು ದಾರಿಯುದ್ದಕ್ಕೂ ಕಲ್ಲು ಪೇರಿಸಿ ಗುರುತು ಮಾಡಿರ್ತೀವಿ. ಅದನ್ನ ನೋಡ್ಕೊಂಡು ಹೋದ್ರೆ ತಪ್ಪೋದೇ ಇಲ್ಲ.”

“ಅಪ್ಪ ಅದನ್ನ ಬಿಟ್ಟು ಒಂದು ಹೆಜ್ಜೆ ಆಚೆ ಇಡೋರಲ್ಲ,” ಎಂದಳು ಅಮ್ಮ.

ಮಾರ್ನಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ನಿನ್ನೆ ಸಂಜೆ ಅಮ್ಮನ ಜೊತೆ ಅವಳು ಅರ್ಧ ದಾರಿ ಹೋಗಿದ್ದಳು. ಅಮ್ಮ ಫೋಟೋ ತೆಗೆದು ಮುಗಿಸುವವರೆಗೆ ಬೇಜಾರಾಗಿ, ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದಳು. ಐದು ಕಲ್ಲು. ಬೀಳದೆ ನಿಂತಿತ್ತು. ಹಾಗೇ ಬಿಟ್ಟು ಬಂದಿದ್ದಳು.

ಹೇಳಿದರೆ ಅಮ್ಮ ತನ್ನನ್ನು ಹೇಗೆ ನೋಡುತ್ತಾಳೋ. ಹೇಳದಿದ್ದರೆ? ಒಂದೇ ಬಾಟಲಿ ನೀರು.

“ನಾನೂ ಒಂದು ಮಾಡಿದ್ದೆ,” ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

“ಏನು ಮಾಡಿದ್ದೆ?” ಎಂದಳು ಅಮ್ಮ.

“ಕಲ್ಲು ಪೇರ್ಸಿದ್ದೆ. ನಿನ್ನೆ. ಆಟಕ್ಕೆ. ದಾರೀಲಿ ಅಲ್ಲ, ಎಡಗಡೆಗೆ.”

“ಮಾರ್ನಿ!” ಎಂದಳು ಅಮ್ಮ. ಯೊಲಾಂಡ ಆಗಲೇ ಚೀಲಕ್ಕೆ ನೀರು ತುಂಬುತ್ತಿದ್ದರು. “ಬಯ್ಯೋದು ಆಮೇಲಾಗ್ಲಿ. ಜಾಗ ತೋರಿಸ್ತೀಯಾ ಮರಿ?”

ಬಂಡೆಯ ಬಿಸಿ ಶೂ ದಾಟಿ ಅಂಗಾಲಿಗೆ ಹತ್ತುತ್ತಿತ್ತು. ತಿರುವಿನಲ್ಲಿ, ದಾರಿಯ ಎಡಕ್ಕೆ, ಅವಳು ಪೇರಿಸಿದ ಕಲ್ಲುಗಳು ಕಂಡವು. ಮಾರ್ನಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಐದಲ್ಲ, ಒಂಬತ್ತು.

“ಹೋಗೋರು ಒಂದೊಂದು ಕಲ್ಲು ಇಟ್ಟು ಹೋಗ್ತಾರೆ. ಅಭ್ಯಾಸ,” ಎಂದರು ಯೊಲಾಂಡ.

ಆಚೆಗೆ ಒಂದಿಷ್ಟು ಮರಳಿತ್ತು. ಅದರ ಮೇಲೆ ಹೋಗಿ ಹಿಂತಿರುಗಿ ಬಂದ ಹಲವರ ಶೂಗಳ ಗುರುತು. ಒಂದು ಜೊತೆ ಮಾತ್ರ, ಪಕ್ಕದಲ್ಲಿ ಊರುಗೋಲಿನ ತೂತುಗಳೊಂದಿಗೆ, ಹೋಗಿತ್ತು, ಬಂದಿರಲಿಲ್ಲ. ಅಮ್ಮ ಒಂದೇ ಒದೆಗೆ ಕಲ್ಲುಗಳನ್ನು ಚೆಲ್ಲಿ ಮುಂದೆ ನಡೆದಳು.

“ಅಜ್ಜಾ,” ಎಂದು ಮಾರ್ನಿ ಕೂಗಿದಳು. ಬಂಡೆಗಳು ಅವಳ ದನಿಯನ್ನೇ ವಾಪಸು ಕೊಟ್ಟವು. ಇನ್ನೊಮ್ಮೆ ಕೂಗಿದಳು. ಆಮೇಲೆ ತುಂಬ ಕೆಳಗಿನಿಂದ ಟಕ್, ಟಕ್. ಕೋಲು ಕಲ್ಲಿಗೆ ಬಡಿಯುವ ಸದ್ದು.

ನುಣುಪಾದ ಇಳಿಜಾರಿನ ಬುಡದಲ್ಲಿ, ಒಂದು ಗೇಣು ನೆರಳಿನಲ್ಲಿ ಅಜ್ಜ ಕೂತಿದ್ದ. ಜಾರಿದವನಿಗೆ ಹತ್ತಲಾಗಿರಲಿಲ್ಲ. ಪಾದದ ಗಂಟು ಊದಿತ್ತು, ತುಟಿ ಬಿರಿದಿತ್ತು. ಯೊಲಾಂಡ ಹಗ್ಗ ಹಿಡಿದು ಇಳಿದು, ಗುಟುಕು ಗುಟುಕಾಗಿ ನೀರು ಕುಡಿಸಿದರು. ಇನ್ನಿಬ್ಬರು ರೇಂಜರ್‌ಗಳು ಬಂದಮೇಲೆ ಅವನನ್ನು ಮೇಲೆತ್ತಿದರು.

“ಕಲ್ಲು ನೋಡ್ಕೊಂಡೇ ಬಂದೆ,” ಎಂದ ಅಜ್ಜ, ಒಡೆದ ದನಿಯಲ್ಲಿ. “ಯಾರೋ ಪುಣ್ಯಾತ್ಮರು ಅಷ್ಟು ನೀಟಾಗಿ ಇಟ್ಟಿದ್ರು. ಉಪಕಾರ ಆಯ್ತು ಅಂತ ನಾನೂ ಒಂದಿಟ್ಟೆ. ಆಮೇಲೆ ಮುಂದಿಂದು ಕಾಣಲೇ ಇಲ್ಲ.”

ಯೊಲಾಂಡ ಹಗ್ಗ ಸುತ್ತುತ್ತಿದ್ದರು.

“ಅಜ್ಜ, ಅದು ನಾನಿಟ್ಟಿದ್ದು.”

ಅಜ್ಜ ಅವಳನ್ನೇ ನೋಡಿದ. ಆಮೇಲೆ ಕೈ ಚಾಚಿದ. “ಹೆಗಲು ಕೊಡು. ಒಂದು ಕಡೆ ಆ ರೇಂಜರ್ ಹಿಡೀಲಿ, ಇನ್ನೊಂದು ಕಡೆ ನೀನು.”

ಅವನ ಭಾರ ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚಿತ್ತು. ಮಾರ್ನಿ ಕಾಲೆತ್ತಿದಳು, ಇಡುವ ಮೊದಲು ಬಂಡೆಯನ್ನು ನೋಡಿದಳು. ತಾನು ಕಾಲಿಟ್ಟ ಕಡೆಯೇ ಅಜ್ಜನೂ ಕಾಲಿಡುತ್ತಾನೆ.