ಇಬ್ಬನಿಯ ಕಿವಿಗೆ ಹೇಳದೆ ಉಳಿದ ಮಾತು

ಹೇಷಾಪುರದ ಕೋಟೆಯ ಎತ್ತರವೆಂದರೆ, ಬುಡದಿಂದ ಹಾರಿದ ಕಾಗೆ ತುದಿ ಮುಟ್ಟುವ ಮೊದಲು ಎರಡು ಕಡೆ ಕೂತು ದಣಿವಾರಿಸಿಕೊಳ್ಳಬೇಕಾಗಿತ್ತು. ಮೂರು ಕಡೆ ಎಂದು ಆ ಊರಿನವರು ಹೇಳುತ್ತಿದ್ದರು, ಅದು ಸ್ವಲ್ಪ ಉತ್ಪ್ರೇಕ್ಷೆ. ರಾಜಬೀದಿಯ ಅಗಲವೋ, ಈಚೆ ಬದಿಯ ಹೂವಾಡಗಿತ್ತಿ ಆಚೆ ಬದಿಯ ಗಂಧದ ವ್ಯಾಪಾರಿಯೊಡನೆ ಜಗಳಕ್ಕಿಳಿದರೆ ನಡುವೆ ಒಬ್ಬನನ್ನು ನಿಲ್ಲಿಸಿ ಬೈಗುಳಗಳನ್ನು ದಾಟಿಸಬೇಕಾಗುವಷ್ಟು. ಇಂಥ ಮಹಾನಗರಕ್ಕೆ ಹೆಬ್ಬಾಗಿಲಿತ್ತು, ಬಾಗಿಲಿಗೆ ಅಗುಳಿ ಇರಲಿಲ್ಲ. ಐನೂರು ಮಂದಿ ರಾವುತರೂ ಅವರ ಐನೂರು ಗಾಳಿಗುದುರೆಗಳೂ ಕಾಯುತ್ತಿರುವಾಗ ಅಗುಳಿಯನ್ನು ಯಾವ ಬಡಗಿ ತಾನೇ ಕೆತ್ತಿಯಾನು?

ಹೊಗೆಯ ಬಣ್ಣದ ಆ ಕುದುರೆಗಳು ತುಂಬಿದ ಹೊಳೆಯ ಮೇಲೆ ಓಡಿದರೂ ಗೊರಸು ತೋಯುತ್ತಿರಲಿಲ್ಲ. ದೀಕ್ಷೆ ಪಡೆದ ರಾವುತನು ಕುದುರೆಯ ಮೂಗಿಗೆ ಮೂಗಿಟ್ಟು ಮೂರು ಉಸಿರು ಕೊಟ್ಟು ಮೂರು ಉಸಿರು ಪಡೆದನೆಂದರೆ ಇಬ್ಬರಿಗೂ ಬೆಸುಗೆ ಬಿದ್ದಂತೆ. ಆಮೇಲೆ ಇವನ ತೊಡೆಗೆ ಬಾಣ ತಗುಲಿದರೆ ಅದು ಕುಂಟುತ್ತಿತ್ತು. ಆದರೆ ಆ ಬೆಸುಗೆಯನ್ನು ಬಿಡಿಸುವ ಶಕ್ತಿ ಸಾವಿಗೂ ಇರಲಿಲ್ಲ. ರಾವುತ ಸತ್ತನೆಂದು ಕುದುರೆಗೆ ಯಾರಾದರೂ ಹೇಳಲೇಬೇಕಾಗಿತ್ತು. ಅದಕ್ಕೆಂದೇ ಅರಮನೆಯ ಲಾಯದಲ್ಲಿ ಒಬ್ಬ ಕಿವಿಮಾತಿನವನಿರುತ್ತಿದ್ದನು. ಅವನು ಕುದುರೆಯ ಎಡಗಿವಿಯಲ್ಲಿ, "ಏರಿದವನು ಇಳಿದ, ನೀನಿನ್ನು ಗಾಳಿ" ಎಂದು ಹೇಳಿದೊಡನೆ ಅದು ಒಮ್ಮೆ ಕೆನೆದು ಗಾಳಿಯಲ್ಲಿ ಕರಗುತ್ತಿತ್ತು. ಸತ್ತವನ ಪ್ರಾಣವು ಅದರ ಬೆನ್ನೇರಿ ಹೊರಟುಹೋಗುತ್ತಿತ್ತು.

ಕಿವಿಮಾತಿನವನಿಗೆ ಕಟ್ಟಳೆ ಒಂದೇ: ಕುದುರೆಗೆ ಸುಳ್ಳಾಡಬಾರದು. ಗೊರಸಿನ ಮುಳ್ಳು ಕೀಳುವಾಗಲೂ "ನೋಯುವುದಿಲ್ಲ" ಎನ್ನುವಂತಿಲ್ಲ; "ನೋಯುತ್ತದೆ, ತಡೆದುಕೋ" ಎನ್ನಬೇಕು.

ನಮ್ಮ ಸೋವಣ್ಣನು ಮೂವತ್ತು ವರ್ಷಗಳಿಂದ ಆ ಪದವಿಯಲ್ಲಿದ್ದನು. ಮೀಸೆ ದೊಡ್ಡದು, ಮಾತು ಮೀಸೆಗಿಂತ ದೊಡ್ಡದು. "ತೊಂಬತ್ತಮೂರು ಕುದುರೆಗಳಿಗೆ ಸಾವು ಹೇಳಿದ್ದೇನೆ, ಒಂದಾದರೂ ನನ್ನನ್ನು ಒದ್ದಿದೆಯೇ?" ಎಂದು ಕೇಳುವನು. "ಒಂದು ಒದ್ದಿತಲ್ಲ" ಎಂದು ಯಾರಾದರೂ ನೆನಪಿಸಿದರೆ, "ಅದರ ಗುರಿ ನನ್ನ ಹಿಂದೆ ನಿಂತಿದ್ದ ಮಹಾಪ್ರಧಾನರು. ಪಾಪ, ನಾನೇ ಅಡ್ಡ ಬಂದೆ" ಎನ್ನುವನು.

ಆ ಸೋವಣ್ಣ ಹತ್ತೊಂಬತ್ತು ದಿನಗಳಿಂದ ಜಂಬ ಕೊಚ್ಚಿರಲಿಲ್ಲ.

ಹತ್ತೊಂಬತ್ತು ದಿನಗಳ ಹಿಂದೆ ನಡುಹಗಲಿನಲ್ಲಿ ದೊರೆ ಬೀರವರ್ಮನು ಹಳೆಯ ಬಾಣದ ಗಾಯ ಒಳಗೊಳಗೇ ಬಿರಿದು, ಊಟದ ಮಣೆಯ ಮೇಲೆಯೇ ಒರಗಿ ಪ್ರಾಣ ಬಿಟ್ಟಿದ್ದನು. ಕೈ ತೊಳೆಯಲು ನೀರು ತಂದವರಿಗಿಂತ ಮೊದಲು ಮಹಾಪ್ರಧಾನ ಗೋವಣರಸನು ಲಾಯಕ್ಕೆ ಓಡಿಬಂದನು. ದೊರೆಯ ಕುದುರೆ ಇಬ್ಬನಿ ಆಗಲೇ ಗೊರಸಿನಿಂದ ನೆಲ ಕೆದರುತ್ತಿತ್ತು.

"ಸೋವಣ್ಣನವರೇ, ಈಗ ಹೇಳಬೇಡಿ" ಎಂದನು ಪ್ರಧಾನ. "ಇಬ್ಬನಿ ಹೋದರೆ ಉಳಿದ ಕುದುರೆಗಳೆಲ್ಲ ಮೂರು ದಿನ ತಲೆ ತಗ್ಗಿಸಿ ನಿಂತುಬಿಡುತ್ತವೆ, ಅದು ಅವುಗಳ ಸೂತಕ. ಬಡಗಣ ಹೊಳೆಯ ದಡದಲ್ಲಿ ರಾಜಕುಮಾರಿಯವರು ಇನ್ನೂರು ರಾವುತರೊಡನೆ ಶತ್ರುವಿನ ಎದುರು ನಿಂತಿದ್ದಾರೆ. ಕುದುರೆ ನಿಂತರೆ ಅವರ ಗತಿಯೇನು?"

"ಹೇಳದಿದ್ದರೆ ಇದು ಕಟ್ಟು ಕಿತ್ತುಕೊಂಡು ಅರಮನೆಗೇ ನುಗ್ಗುತ್ತದೆ, ಪ್ರಧಾನರೇ."

"ಹಾಗಾದರೆ ಬೇರೇನಾದರೂ ಹೇಳಿ. ನಿಮ್ಮ ಮಾತನ್ನು ನಂಬುತ್ತದೆ."

ಸೋವಣ್ಣನು ರಾಜಕುಮಾರಿ ಜಕ್ಕಲದೇವಿಯನ್ನು ತೊಟ್ಟಿಲಲ್ಲಿ ಕಂಡವನು. ಅವನು ಇಬ್ಬನಿಯ ಕುತ್ತಿಗೆ ತಬ್ಬಿ ಎಡಗಿವಿಯಲ್ಲಿ ಹೇಳಿದನು: "ದೊರೆಗೆ ನಿದ್ದೆ ಬಂದಿದೆ. ಏಳುತ್ತಾರೆ."

ಇಬ್ಬನಿ ನಂಬಿತು. ಅದು ನಂಬಿದ್ದರಿಂದ, ಅತ್ತ ಊಟದ ಮಣೆಯ ಮೇಲೆ ದೊರೆ ಎದ್ದು ಕುಳಿತನು.

ಹೀಗಾಗುವುದೆಂದು ಸೋವಣ್ಣನೂ ಎಣಿಸಿರಲಿಲ್ಲ, ಪ್ರಧಾನನೂ ಎಣಿಸಿರಲಿಲ್ಲ. ಆದರೆ ಸೋವಣ್ಣ ಬೆವರುವ ಹೊತ್ತಿಗೆ ಪ್ರಧಾನನು ನಗಲಾರಂಭಿಸಿದ್ದನು. ಎದ್ದ ದೊರೆಗೆ ಇಷ್ಟವಾಗಲಿ, ಇಷ್ಟವಿಲ್ಲದಿರುವುದಾಗಲಿ ಇರಲಿಲ್ಲ; ಮುಂದಿಟ್ಟ ಓಲೆಗೆಲ್ಲ ಮುದ್ರೆಯುಂಗುರವನ್ನು ಒತ್ತುತ್ತಿದ್ದನು. ಐದನೆಯ ದಿನ ಶತ್ರು ಸೋತು ಓಡಿದನೆಂಬ ಸುದ್ದಿ ಬಂದಿತು. ಇಬ್ಬನಿಗೆ ನಿಜ ಹೇಳಲೆಂದು ಸೋವಣ್ಣ ಲಾಯದತ್ತ ಹೆಜ್ಜೆ ಹಾಕಿದಾಗ ಬಾಗಿಲಲ್ಲಿ ಪ್ರಧಾನನ ಆಳುಗಳು ಈಟಿ ಅಡ್ಡ ಹಿಡಿದಿದ್ದರು.

ಅರಮನೆಯ ಮೇಲೆ ಏನೋ ಕವಿದುಕೊಂಡಿತು. ದೊರೆಯ ಎದೆಗೆ ಬೆಳಿಗ್ಗೆ ಬಳಿದ ಗಂಧ ಸಂಜೆಯಾದರೂ ಒಣಗುತ್ತಿರಲಿಲ್ಲ. ಎಲೆಯಡಿಕೆಯನ್ನು ಎಷ್ಟು ಹೊತ್ತು ಅಗಿದರೂ ಅವನ ತುಟಿ ಕೆಂಪೇರುತ್ತಿರಲಿಲ್ಲ. "ಚಳಿ, ನನ್ನನ್ನು ಬಿಸಿಲಿಗೆ ಕರೆದೊಯ್ಯಿರಿ" ಎಂದು ಅವನು ದಿನವೂ ಕೇಳುತ್ತಿದ್ದುದರಿಂದ ರಾಜಸಭೆಯನ್ನು ಬಟ್ಟಬಯಲಿನ ಅಂಗಳಕ್ಕೆ ಸಾಗಿಸಲಾಯಿತು. ಕಲ್ಲು ಕಾದು ಸಿಡಿಯುವ ಬಿಸಿಲಿನಲ್ಲಿ ಸಾಮಂತರು ಬೆವರಿ ತೊಪ್ಪೆಯಾಗಿ ಕೂತರೆ, ನಡುವೆ ಸಿಂಹಾಸನದಲ್ಲಿ ದೊರೆ ನಡುಗುತ್ತಿದ್ದನು. ಯಾರೂ ಏನೂ ಕೇಳಲಿಲ್ಲ. ಮೆಟ್ಟಿಲ ಬಳಿ ಕಟ್ಟಿದ್ದ ಇಬ್ಬನಿ ಮಾತ್ರ ಕಿವಿ ನಿಮಿರಿಸಿ ಅವನನ್ನೇ ನೋಡುತ್ತಿತ್ತು.

ಹದಿನೆಂಟನೆಯ ದಿನ ಗೆದ್ದು ಮರಳಿದ ಜಕ್ಕಲದೇವಿ ತಂದೆಯ ಪಾದ ಮುಟ್ಟಿದಳು, ಮುಟ್ಟಿದ ಕೈ ಹಿಂದಕ್ಕೆಳೆದುಕೊಂಡಳು. "ಇವರು ನನ್ನ ತಂದೆಯಲ್ಲ. ಇವರಿಗೆ ಏನು ಮಾಡಿದ್ದೀರಿ?" ಎಂದಳು. ಅಷ್ಟು ಸಾಕಾಯಿತು. ರಾಜದ್ರೋಹವೆಂದು ಪ್ರಧಾನನು ಅವಳ ಕೈ ಕಟ್ಟಿಸಿದನು. ಮರುದಿನ ನಡುಹಗಲಿನ ಸಭೆಯಲ್ಲಿ ದೊರೆಯ ಮುದ್ರೆ ಬಿದ್ದೊಡನೆ ಅವಳನ್ನು ಕೋಟೆಯ ಹುಲಿಬಂಡೆಯಿಂದ ಕೆಳಕ್ಕೆ ತಳ್ಳುವುದೆಂದು ಗೊತ್ತಾಯಿತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಇಬ್ಬನಿಯನ್ನು ಅಂಗಳಕ್ಕೆ ಕರೆತರುವ ದಾರಿಯಲ್ಲಿ ಸೋವಣ್ಣನು ಕಾವಲಿನವರ ಕಣ್ಣು ತಪ್ಪಿಸಿ ಅದರ ಕಿವಿಗೆ ಬಾಯಿಟ್ಟನು. "ಏರಿದವನು ಇಳಿದ, ನೀನಿನ್ನು ಗಾಳಿ."

ಇಬ್ಬನಿ ಅವನನ್ನು ನೋಡಿತು. ಆಮೇಲೆ ಎರಡು ಕಿವಿಗಳನ್ನೂ ಹಿಂದಕ್ಕೆ ಮಡಚಿಕೊಂಡಿತು. ಒಮ್ಮೆ ಏಳುತ್ತಾರೆಂದ ಬಾಯಿಯೇ ಈಗ ಸತ್ತರೆನ್ನುತ್ತಿದೆ, ಯಾವುದನ್ನು ನಂಬುವುದು? ಒದ್ದಿದ್ದರೆ ಸೋವಣ್ಣನಿಗೆ ಅಷ್ಟು ನೋಯುತ್ತಿರಲಿಲ್ಲ.

ದೊರೆಗೆ ಎಲೆಯಡಿಕೆ ಮಡಚಿಕೊಡುವ ಹಡಪದ ಹೊನ್ನವ್ವ ಅಂಗಳದ ಕಂಬಕ್ಕೊರಗಿ ಇದನ್ನೆಲ್ಲ ಕಂಡಿದ್ದಳು. ಆ ಮುದುಕಿಯ ನಾಲಿಗೆಗೆ ಅಡಕತ್ತರಿಯ ಹರಿತ.

"ಏನಯ್ಯಾ, ತೊಂಬತ್ತಮೂರು ಕುದುರೆಗಳ ಸರದಾರ! ತೊಂಬತ್ತನಾಲ್ಕನೆಯದು ಬೆನ್ನು ತೋರಿಸಿತೇ?"

"ಅಣಕಿಸಬೇಡ ಹೊನ್ನವ್ವ. ನಾನು ಅದಕ್ಕೆ ಸುಳ್ಳು ಹೇಳಿದೆ."

"ಗೊತ್ತು. ಹತ್ತೊಂಬತ್ತು ದಿನದಿಂದ ತಣ್ಣನೆಯ ಕೈಗೆ ಎಲೆ ಕೊಡುತ್ತಿರುವವಳು ನಾನು. ಸರಿ, ಅದು ನಿನ್ನ ಮಾತನ್ನು ನಂಬುವುದಿಲ್ಲ. ಇನ್ಯಾರ ಮಾತನ್ನು ನಂಬೀತು?"

"ಏರಿದವರ ಮಾತನ್ನು. ದೊರೆಯ ಮಾತನ್ನು."

"ಹಾಗಾದರೆ ದೊರೆಯೇ ಹೇಳಲಿ."

"ಅವರಿಗೆ ತಾವು ಸತ್ತಿರುವುದೇ ಗೊತ್ತಿಲ್ಲವಲ್ಲೇ!"

"ಅದನ್ನು ಹೇಳುವುದು ಯಾರ ಕೆಲಸವಯ್ಯಾ? ನನ್ನದೇ?"

ಸಿಂಹಾಸನದಲ್ಲಿರುವ ಪ್ರಭುವನ್ನು ಸತ್ತವನೆಂದವನಿಗೆ ಅಲ್ಲಿಯೇ ಶಿರಚ್ಛೇದವೆಂಬುದು ಆ ರಾಜ್ಯದ ಶಾಸನ. ಆದರೆ ಸೋವಣ್ಣ ಹಿಂಜರಿದದ್ದು ಅದಕ್ಕಲ್ಲ. ಬೀರವರ್ಮನೂ ಅವನೂ ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಕುದುರೆಗಳಿಗೆ ಎಷ್ಟೋ ಸಾವು ಹೇಳಿದವನಿಗೆ, ಗೆಳೆಯನೊಬ್ಬನಿಗೆ ಅವನದೇ ಸಾವನ್ನು ಹೇಗೆ ಹೇಳುವುದೆಂದು ತಿಳಿದಿರಲಿಲ್ಲ.

ಸೂರ್ಯ ನೆತ್ತಿಗೆ ಬಂದನು. ಕೈಕಟ್ಟಿದ ಜಕ್ಕಲದೇವಿಯನ್ನು ತಂದು ನಿಲ್ಲಿಸಿದರು. ರಾವುತರು ಕುದುರೆಗಳನ್ನು ಹಿಡಿದು ಸುತ್ತ ನಿಂತರು. ಅವರ ಮುಖಗಳಲ್ಲಿ ಸಂಕಟವಿತ್ತು, ಆದರೆ ಇಬ್ಬನಿ ಇರುವವರೆಗೆ ಅವರ ಕುದುರೆಗಳು ಇಬ್ಬನಿಯ ಒಡೆಯನ ಆಜ್ಞೆಯನ್ನು ಮೀರುವಂತಿರಲಿಲ್ಲ. ಗೋವಣರಸನು ಓಲೆಯನ್ನು ಬಿಚ್ಚಿ ದೊರೆಯ ಮುಂದಿಟ್ಟನು. ದೊರೆಯ ಉಂಗುರದ ಬೆರಳು ಮೇಲೆದ್ದಿತು.

"ಪ್ರಭು!" ಸೋವಣ್ಣ ಮೆಟ್ಟಿಲೇರಿದನು. "ಮುದ್ರೆಗೆ ಮೊದಲು ನನ್ನದೊಂದು ಕಿವಿಮಾತಿದೆ."

"ಕಿವಿಮಾತು ಕುದುರೆಗಳಿಗೆ, ಸೋವಣ್ಣನವರೇ. ಇಲ್ಲಿ ಕುದುರೆ ಯಾರು?" ಎಂದು ಗೋವಣರಸ ನಕ್ಕನು. ಯಾರೂ ಜೊತೆಗೂಡಲಿಲ್ಲ.

"ಬರಲಿ" ಎಂದನು ದೊರೆ. ಬಾವಿಯ ತಳದಿಂದ ಸೇದಿದಂತೆ ಬಂತು ಆ ಮಾತು.

ಸೋವಣ್ಣ ಬಾಗಿದನು. ತಣ್ಣನೆಯ ಎಡಗಿವಿಯ ಬಳಿ ಬಾಯಿ ತಂದಾಗ ಮೂವತ್ತು ವರ್ಷದ ಅಭ್ಯಾಸವೇ ಅವನ ನೆರವಿಗೆ ಬಂದಿತು. "ನೋಯುತ್ತದೆ ಪ್ರಭು, ತಡೆದುಕೊಳ್ಳಿ" ಎಂದನು. "ತಾವು ಇಳಿದಿದ್ದೀರಿ."

ದೊರೆ ತನ್ನ ಅಂಗೈಗಳನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡನು.

"ಎಷ್ಟು ದಿನವಾಯಿತು?"

"ಹತ್ತೊಂಬತ್ತು."

"ಅದಕ್ಕೇ ಈ ಚಳಿ." ಮಗಳತ್ತ ತಿರುಗಿದನು. "ಬಡಗಣ ಹೊಳೆಯಲ್ಲಿ ಮಗಳು ಗೆದ್ದಳೇ?"

"ಗೆದ್ದರು, ಪ್ರಭು."

"ಮತ್ತೇಕೆ ಅವಳ ಕೈ ಕಟ್ಟಿದ್ದೀರಿ?"

"ರಾಜದ್ರೋಹಿ! ಇವನ ತಲೆ ಹಾರಿಸಿ!" ಎಂದು ಗೋವಣರಸ ಕಿರುಚಿದನು. ಒಬ್ಬ ರಾವುತನು ಕತ್ತಿಯನ್ನು ಅರ್ಧ ಎಳೆದು ದೊರೆಯ ಮುಖ ನೋಡಿದನು, ಅರ್ಧದಲ್ಲೇ ಬಿಟ್ಟನು. ಬೀರವರ್ಮನು ಎದ್ದು, ಸೋವಣ್ಣನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲಿಳಿದು ಬಂದು, ಮಗಳ ಕೈಕಟ್ಟನ್ನು ತಾನೇ ಬಿಚ್ಚಿ, ಉಂಗುರವನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದನು.

"ತಣ್ಣಗಿದೆ ಎಂದು ಕೈ ಎಳೆದುಕೊಂಡೆಯಲ್ಲ, ಜಕ್ಕಲೆ. ಈಗ ಸ್ವಲ್ಪ ಹಿಡಿದುಕೋ."

ಅವಳು ಹಿಡಿದುಕೊಂಡಳು.

ಆಮೇಲೆ ದೊರೆ ಇಬ್ಬನಿಯ ಬಳಿ ಹೋಗಿ ಅದರ ಮೂಗಿಗೆ ಮೂಗಿಟ್ಟನು. ಕೊಡಲು ಅವನಲ್ಲಿ ಉಸಿರಿರಲಿಲ್ಲ. ಎಡಗಿವಿಯಲ್ಲಿ ಅವನು ಹೇಳಿದ್ದು ಸೋವಣ್ಣನಿಗೊಬ್ಬನಿಗೇ ಕೇಳಿಸಿತು: "ಏರಿದವನು ಇಳಿದೆ ಕಣೋ. ನೀನಿನ್ನು ಗಾಳಿ."

ಇಬ್ಬನಿ ಕೆನೆಯಿತು. ಹತ್ತೊಂಬತ್ತು ದಿನ ತಡೆದಿಟ್ಟಿದ್ದ ಆ ಕೆನೆತಕ್ಕೆ ಏಳು ಊರುಗಳಾಚೆ ನೀರು ಕುಡಿಯುತ್ತಿದ್ದವರ ಕೈಯಿಂದ ಚೊಂಬು ಬಿದ್ದವಂತೆ. ಮರುಗಳಿಗೆ ಅಲ್ಲಿ ಕುದುರೆಯಿರಲಿಲ್ಲ. ಕಾದ ಕಲ್ಲಿನ ಮೇಲೆ ಒಂದು ತಂಪುಗಾಳಿ ಸುಳಿದು ಕೋಟೆಯನ್ನು ದಾಟಿ ಹೋಯಿತು. ಕುಸಿದುಬಿದ್ದ ದೊರೆಯ ದೇಹದ ಮೇಲೆ ಹತ್ತೊಂಬತ್ತು ದಿನಗಳು ಒಟ್ಟಿಗೆ ಬಂದು ಕೂತವು. ಮಗಳು ನೋಡುವ ಮೊದಲೇ ಸೋವಣ್ಣ ತನ್ನ ಉತ್ತರೀಯವನ್ನು ಹೊದಿಸಿಬಿಟ್ಟನು.

ಕುದುರೆಗಳೆಲ್ಲ ತಲೆ ತಗ್ಗಿಸಿ ಕಲ್ಲಾದವು. ಗೋವಣರಸನು ಒಂದರ ಬೆನ್ನು ಬಡಿದನು, ಇನ್ನೊಂದರ ಲಗಾಮು ಜಗ್ಗಿದನು. ಕೊನೆಗೆ ಪೀತಾಂಬರವನ್ನು ಮೊಣಕಾಲಿಗೆತ್ತಿ ಹೆಬ್ಬಾಗಿಲತ್ತ ಓಡಿದನು. ರಾವುತರು ಕದಲುವುದರೊಳಗೆ ಹೊನ್ನವ್ವನ ಹಡಪದ ಚೀಲ ಅವನ ಕಾಲಿಗೆ ಸಿಕ್ಕಿತು. ರಾಜ್ಯವಾಳಲು ಹೊರಟವನು ಅಡಿಕೆ ಹೋಳುಗಳ ಮೇಲೆ ಜಾರಿ ಬಿದ್ದು ಸೆರೆಯಾದನು.

ಮೂರು ದಿನದ ಸೂತಕ ಮುಗಿದ ನಾಲ್ಕನೆಯ ಬೆಳಿಗ್ಗೆ ರಾಣಿ ಜಕ್ಕಲದೇವಿ ಲಾಯಕ್ಕೆ ಬಂದಳು. ಸೋವಣ್ಣ ತನ್ನ ಅಧಿಕಾರದ ಬೆಳ್ಳಿ ಕಡಗವನ್ನು ತೆಗೆದು ಎರಡೂ ಕೈಗಳಲ್ಲಿ ಹಿಡಿದು ನಿಂತಿದ್ದನು.

"ಸೋವಣ್ಣ ಮಾಮ, ಒಂದು ಮಾತು ಕೇಳುತ್ತೇನೆ. ಆ ದಿನಗಳಲ್ಲಿ ಅಪ್ಪನಿಗೆ ನೋವಿತ್ತೇ?"

ಇಲ್ಲವೆನ್ನಲು ಎಷ್ಟು ಸುಲಭವಾಗಿತ್ತು! ಅವಳ ಕಣ್ಣು ಅದನ್ನೇ ಬೇಡುತ್ತಿತ್ತು.

"ಇತ್ತು, ತಾಯಿ. ದಿನವೂ ಇತ್ತು. ಅದು ನಾನು ಕೊಟ್ಟ ನೋವು."

ಅವಳು ತುಂಬ ಹೊತ್ತು ಗೋಡೆಯ ಕಡೆ ಮುಖ ಮಾಡಿ ನಿಂತಳು. ತಿರುಗಿದಾಗ ಕಡಗವನ್ನು ತೆಗೆದುಕೊಂಡಳು. "ನನ್ನನ್ನು ಉಳಿಸಿದ್ದೂ ನೀವು, ಅಪ್ಪನನ್ನು ಕಟ್ಟಿಹಾಕಿದ್ದೂ ನೀವು. ಎರಡನ್ನೂ ಮರೆಯಲಾರೆ. ಕಟ್ಟಳೆಯಂತೆ ಈ ಪದವಿ ನಿಮಗಿಲ್ಲ. ಆದರೆ ಲಾಯವನ್ನು ಬಿಟ್ಟು ಹೋಗಲು ನಾನು ಅಪ್ಪಣೆ ಕೊಡುವುದಿಲ್ಲ." ಅಷ್ಟು ಹೇಳಿ ಹೊರಟುಹೋದಳು.

ಸೋವಣ್ಣ ಹುಲ್ಲಿನ ಹೊರೆ ಎತ್ತಿಕೊಂಡನು. ಸಾಲಿನುದ್ದಕ್ಕೂ ಕುದುರೆಗಳು ಅವನು ಬಂದೊಡನೆ ಮುಖ ತಿರುಗಿಸಿದವು. ಅವನು ಯಾವುದನ್ನೂ ದೂರಲಿಲ್ಲ. ಕಟ್ಟಕಡೆಯಲ್ಲಿ ರಾಣಿಯ ಎಳೆಯ ಕುದುರೆಯಿತ್ತು. ಅದು ಅಡ್ಡಮರದ ಮೇಲಿಂದ ಕತ್ತು ಚಾಚಿ, ಎಡಗಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದು ಕಾದು ನಿಂತಿತು.

ಆ ಮಾತಿನ ಮಲ್ಲನು ಹೊರೆ ಇಳಿಸಿ, ಮೀಸೆ ಒರೆಸಿಕೊಂಡು, ನಿಜವಾದದ್ದೊಂದನ್ನು ಹುಡುಕಿ ಹೇಳಿದನು.

"ಇವತ್ತು ಯಾರೂ ಸತ್ತಿಲ್ಲ ಕಣವ್ವ. ಹುಲ್ಲು ತಿನ್ನು."