ಒಂದು ಪಾನಾ ಕಡಿಮೆ

"ಅದನ್ನ ಹಾಕ್ಕೋಬ್ಯಾಡ ಖಾಲಾ! ತಗಿ, ಮೊದಲ ಕೆಳಗ ಇಡು!"

ಬಾಗಿಲಲ್ಲಿ ನಿಂತಿದ್ದ ಗಂಡಸು ಹಾಗೆ ಕೂಗಿದ್ದೇ ತಡ, ಗೋಕಾಕದ ಆ ಸಣ್ಣ ಹೊಲಿಗೆ ಅಂಗಡಿಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

ಜೀನತಳ ಮುಖ ಕೆಂಪಾಯಿತು. ತಾನೇ ಬೆನ್ನು ಬಗ್ಗಿಸಿ ಹೊಲಿದ ಕುರ್ತಾ ಅದು. ಯಾವನಿವನು?

"ಯಾಕ್ರಿ? ಹೊಲಿಗಿ ಸರಿ ಇಲ್ಲೇನು?"

"ಹೊಲಿಗಿ ಛಲೋ ಐತ್ರಿ. ಆದ್ರ ನಿಮ್ಮ ಆ ದಿಂಬಿನ್ಯಾಗ ಒಂದು ಟಾಚಣಿ ಕಡಿಮಿ ಐತಿ. ಮೊನ್ನಿ ಬಂದಾಗ ಸಾಲು ತುಂಬಿತ್ತು."

"ಅರಿಬಿ ಒಯ್ಯಾಕ ಬಂದೀರೋ, ಟಾಚಣಿ ಎಣಸಾಕ ಬಂದೀರೋ?"

ಹೆಂಗಸರು ಕಿಸಕ್ಕನೆ ನಕ್ಕರು. ಜೀನತ ಸಿಟ್ಟಿನಿಂದ ಕುರ್ತಾದ ಕೊರಳಪಟ್ಟಿಗೆ ಕೈ ಹಾಕಿದಳು. ಗುಂಡುಸೂಜಿ ಚುಚ್ಚಿತು! ಬೆರಳ ತುದಿಯಲ್ಲಿ ರಕ್ತದ ಹನಿ.

"ನಗ್ರಿ ಈಗ," ಎಂದಳು ಅವಳೇ, ಸೋತವಳಂತೆ.

ಅವನು ನಗಲಿಲ್ಲ. "ಚುಚ್ಚಿದ ಮ್ಯಾಲ ಸಿಕ್ಕರ ಏನ್ ಬಂತ್ರಿ?" ಎಂದ. ಆ ಕಣ್ಣುಗಳಲ್ಲಿ ಏನೋ ಹಳೆಯ ನೋವು... ಜೀನತ ತಟ್ಟನೆ ಮುಖ ತಿರುಗಿಸಿದಳು.

"ಇವಗ ಇದ ಹುಚ್ಚು ನೋಡವ್ವಾ," ಎಂದಳು ಮುಮ್ತಾಜ ಖಾಲಾ. ತಾಯಿಯಿಲ್ಲದ ತಾಜುದ್ದೀನನನ್ನು ಧುಪದಾಳದಲ್ಲಿ ಸಾಕಿ ಬೆಳೆಸಿದ ಚಿಕ್ಕಮ್ಮ ಅವಳು. "ಮಿಲಿಟರಿಯಾಗ ಹೆಲಿಕಾಪ್ಟರ್ ರಿಪೇರಿ ಮಾಡ್ತಾನ. ಸೂಟಿಗೆ ಬಂದ್ರ ಮನ್ಯಾಗ ನನ್ನ ಚಮಚಾ ಎಣಸ್ತಾನ!"

ಹೆಲಿಕಾಪ್ಟರ್... ಆ ಮಾತಿಗೆ ಜೀನತಳ ಎದೆ ಧಸಕ್ಕೆಂದಿತು. 'ದೇಶದಾಗ ಎಷ್ಟು ಹೆಲಿಕಾಪ್ಟರ್ ಇಲ್ಲ!' ಎಂದು ತನಗೆ ತಾನೇ ಹೇಳಿಕೊಂಡಳು.

ಮರುದಿನ ಅವನು ಅಂಗಿಯ ಗುಂಡಿ ಹಚ್ಚಿಸಲು ಬಂದ. ಅದರ ಮರುದಿನವೂ ಬಂದ.

"ಈ ಗುಂಡಿ ನಿನ್ನಿ ನಾನ ಹಚ್ಚಿದ್ದು. ಹೆಂಗ ಕಿತ್ತು?"

"ನಾನ ಕಿತ್ತೇನ್ರಿ."

"ಯಾಕ?!"

"ಬರಾಕ ನೆವ ಬೇಕಿತ್ರಿ."

ಜೀನತ ನಕ್ಕುಬಿಟ್ಟಳು. ನಕ್ಕ ಮೇಲೆ ಗಾಬರಿಯಾದಳು. ಅಣ್ಣ ಜಾವೇದ ಹೋದ ಮೇಲೆ ಅವಳು ಹೀಗೆ ನಕ್ಕಿರಲೇ ಇಲ್ಲ.

ರಜೆ ಮುಗಿಯುವ ಮೊದಲೇ ಮಾತುಕತೆ ಆಗಲಿ ಎಂದು ತಾಜುದ್ದೀನ ಹಟ ಹಿಡಿದ. ಜೀನತ ಮತ್ತು ಅಮ್ಮಿ ಇದ್ದ ಗೋಕಾಕದ ಬಾಡಿಗೆ ಕೋಣೆಗೆ ಖಾಲಾ ಅವನನ್ನು ಕರೆದುಕೊಂಡು ಬಂದಳು. ಹುಕ್ಕೇರಿ ಕಡೆಯ ಯಮಕನಮರಡಿಯಿಂದ ಮುಕ್ತಾರ ಮಾಮಾ ಬಂದ. ತಂದೆಯಿಲ್ಲದ ಮನೆಗೆ ಅವನೇ ಹಿರಿಯ. ಚಹಾ ಆಯಿತು, ನಗೆಚಾಟಿಕೆ ಆಯಿತು.

ಖಾಲಾ ಹೆಮ್ಮೆಯಿಂದ ಶುರು ಮಾಡಿದಳು. "ನಮ್ಮ ಹುಡುಗ ಅಂದ್ರ ಸಾಮಾನ್ಯ ಅಲ್ರಿ. ದೊಡ್ಡ ನೆರಿ ಬಂದಾಗ ಮಂದಿ ಹೊರೂ ಹೆಲಿಕಾಪ್ಟರ್ ಮೂಡಲಗಿ ಮೈದಾನಕ್ಕ ಬಂದಿತ್ತಲ್ಲಾ? ಅದು ಇವನ ಕೈಯಾಗ ಇತ್ತು!"

ಅಮ್ಮಿ ಚಹಾದ ಬಸಿ ಕೆಳಗಿಟ್ಟಳು. ತಾಜುದ್ದೀನನ ಮುಖವನ್ನೇ ನೋಡುತ್ತ, ಮೆಲ್ಲಗೆ ಕೇಳಿದಳು.

"ಆ ಪಾನಾ ಸಿಕ್ಕಿತೇನಪಾ?"

ತಾಜುದ್ದೀನ ಎದ್ದು ನಿಂತ. ಗೋಡೆಯ ಮೇಲಿನ ಜಾವೇದನ ಫೋಟೊ ನೋಡಿದ. ಎಲ್ಲವೂ ತಿಳಿಯಿತು.

"ಸಿಕ್ಕಿತ್ರಿ," ಎಂದಷ್ಟೇ ಹೇಳಿ ಹೊರಟುಹೋದ.

ಹೇಗೆ ಮರೆತಾಳು ಜೀನತ! ಘಟಪ್ರಭೆ ಹೊಲಗಳನ್ನೆಲ್ಲ ನುಂಗಿದ ದಿನ ಜಾವೇದ ಮಂದಿಯ ಎಮ್ಮೆಗಳ ಹಗ್ಗ ಬಿಚ್ಚಲು ಹೋಗಿ ಪಂಪ್‌ಸೆಟ್ ಮನೆಯ ಮಾಡಿನ ಮೇಲೆ ಸಿಕ್ಕಿಕೊಂಡಿದ್ದ. ಇತ್ತ ಮೈದಾನದಲ್ಲಿ ಹೆಲಿಕಾಪ್ಟರ್ ನಿಂತೇ ಇತ್ತು. ಅದರ ಸುತ್ತ ಮಿಲಿಟರಿ ಮೆಕ್ಯಾನಿಕರು ಸಾಲಾಗಿ ಬಗ್ಗಿ ಹುಲ್ಲಿನಲ್ಲಿ ಕೈಯಾಡಿಸುತ್ತಿದ್ದರು. "ಅಲ್ಲಿ ಮಂದಿ ಸಾಯಾಕತ್ತಾರ, ಇವರು ಇಲ್ಲಿ ಕಳೆ ತಗ್ಯಾಕತ್ತಾರ ನೋಡು!" ಎಂದು ಗುಂಪು ಬೈಯುತ್ತಿತ್ತು. ಜೀನತಳೂ ಗಂಟಲು ಹರಿಯುವಂತೆ ಬೈದಿದ್ದಳು. ನಟ್ಟು ಬಿಚ್ಚುವ ಒಂದು ಪಾನಾ ಕಡಿಮೆಯಾಗಿದೆ, ಅದು ಸಿಗುವ ತನಕ ಹಾರುವುದಿಲ್ಲ ಎಂದು ಆಮೇಲೆ ಮಂದಿಯ ಬಾಯಿಂದ ತಿಳಿಯಿತು. ಪಾನಾ ಸಿಕ್ಕು ಹೆಲಿಕಾಪ್ಟರ್ ಮೇಲೇಳುವಷ್ಟರಲ್ಲಿ ಮಾಡೂ ಇರಲಿಲ್ಲ, ಜಾವೇದನೂ ಇರಲಿಲ್ಲ.

ನೀರು ಇಳಿದ ಮೇಲೆ ಬಂದವರಿಗೇನು ಕಡಿಮೆ! ಬಿಳಿ ಅಂಗಿ ಹಾಕಿಕೊಂಡು ಬಂದರು, ಅಮ್ಮಿಯ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡರು, "ದೇವರ ಇಚ್ಛೆ" ಎಂದು ಕಾರು ಹತ್ತಿದರು. ಯಾಕೆ ಹೀಗಾಯಿತು ಎಂದು ಆ ತಾಯಿಗೆ ಎದುರು ಕೂತು ಹೇಳಿದವನು ಒಬ್ಬನೂ ಇಲ್ಲ. ಒಬ್ಬನೂ!

'ಇಷ್ಟು ಮಂದಿಯೊಳಗ ನನಗ ಇವನ ಸಿಗಬೇಕಿತ್ತಾ, ಯಾ ಅಲ್ಲಾ?' ಜೀನತ ದಿಂಬಿನಲ್ಲಿ ಮುಖ ಹುದುಗಿಸಿದಳು.

ಕೆಲವು ದಿನ ಕಳೆದ ಮೇಲೆ ಖಾಲಾ ಮತ್ತೆ ಬಂದಳು, ಒಬ್ಬಳೇ. ಅಮ್ಮಿಯ ಕೈ ಹಿಡಿದುಕೊಂಡಳು.

"ಅಕ್ಕಾ, ಆ ಪಾನಾ ಎಲ್ಲಿ ಸಿಕ್ಕಿತ್ತು ಗೊತ್ತೇನ? ಮ್ಯಾಲ, ಪಂಖಾದ ಬುಡದಾಗ! ಹಾರಿದ್ರ ಎಲ್ಲಾರೂ ಸಾಯ್ತಿದ್ರು. ನಮ್ಮ ಹುಡುಗ ಜೀವಾ ಉಳಿಸ್ಯಾನ."

ಅಂದು ಮತ್ತೆ ಬಂದಿದ್ದ ಮುಕ್ತಾರ ಮಾಮಾ ತಲೆಯಾಡಿಸಿದ. "ಹಂಗಿದ್ರ ಹುಡುಗಂದೇನು ತಪ್ಪೈತಿ?" ಅಮ್ಮಿಯೂ ನಿಟ್ಟುಸಿರು ಬಿಟ್ಟಳು. ಗಂಟು ಸಡಿಲವಾದಂತಿತ್ತು.

ಜೀನತಳಿಗೆ ಮಾತ್ರ ತಡೆಯಲಾಗಲಿಲ್ಲ. ಅದನ್ನು ಅವನ ಬಾಯಿಂದಲೇ ಕೇಳಬೇಕಿತ್ತು. ಸಂಜೆ ಧುಪದಾಳದ ಒಡ್ಡಿನ ಬಳಿ ಅವನು ಸಿಕ್ಕ. ಕೆಳಗೆ ನದಿ ಬೂದಿ ಬಣ್ಣದಲ್ಲಿ ಬೀಳುತ್ತಿತ್ತು.

"ಖಾಲಾ ಹೇಳಿದ್ದು ಖರೇನ್ರಿ? ಪಾನಾ ಪಂಖಾದಾಗ ಸಿಕ್ಕಿತ್ತಾ?"

'ಹೌದು ಅನ್ನು... ಒಂದ ಸಲ ಹೌದು ಅನ್ನು!' ಅವಳ ಜೀವ ಬೇಡುತ್ತಿತ್ತು.

"ಇಲ್ಲ ಜೀನತ. ಖಾಲಾ ನನ್ನ ಮ್ಯಾಲಿನ ಜೀವಕ್ಕ ಹಂಗ ಹೇಳ್ಯಾಳ. ಅದು ಕೆಸರಿನ್ಯಾಗ ಸಿಕ್ತು, ಗಾಲಿ ಬಾಜೂಕ."

"ಅಂದ್ರ... ಹಾರಿದ್ರ ಏನೂ ಆಗ್ತಿರ್ಲಿಲ್ಲ?"

"ಆಗ್ತಿರ್ಲಿಲ್ಲ."

"ಅಣ್ಣ ಉಳೀತಿದ್ದ?"

"ಉಳೀತಿದ್ದ... ಅನಸ್ತೈತಿ."

"ಪಾನಾ ಕಡಿಮಿ ಐತಿ ಅಂತ ಹೇಳಿದಾಂವ ಯಾರು?"

"ನಾನ. ಪಾನಾದ ಡಬ್ಬಿ ನಂದು. ಬಾಯಿ ಮುಚ್ಚಿಕೊಂಡಿದ್ರ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಮತ್ಯಾಕ ಹೇಳಿದ್ರಿ?!" ಅವಳು ಚೀರಿದಳು. ಒಡ್ಡಿನ ಮೇಲಿದ್ದ ಕೊಕ್ಕರೆಗಳು ಹಾರಿಹೋದವು.

"ಮ್ಯಾಲ ಹತ್ತಿ ಪಂಖಾದ ಬುಡದಾಗ ಕೆಲಸಾ ಮಾಡಿದ್ನಿ. ಅಲ್ಲೇ ಉಳದಿದ್ರ ನಡುದಾರ್ಯಾಗ ಸಿಕ್ಕೊಂಡು ಹೆಲಿಕಾಪ್ಟರ್ ಬೀಳ್ತಿತ್ತು. ನಿಮ್ಮಣ್ಣನ್ನ ಹತ್ತಿಸ್ಕೊಂಡ ಬೀಳ್ತಿತ್ತು. ಕೆಸರಿನ್ಯಾಗ ಐತೋ, ಮ್ಯಾಲ ಐತೋ... ನನಗ ಗೊತ್ತಿರ್ಲಿಲ್ಲ ಜೀನತ!"

"ಆ ಮಾಡಿನ ಮ್ಯಾಲ ನಾ ನಿಂತಿದ್ರ?"

"ಆಗೂ ಹೆಲಿಕಾಪ್ಟರ್ ನಿಲ್ಲಸ್ತಿದ್ನಿ," ಎಂದ. "ಆಮ್ಯಾಲ ನನ್ನ ಜೀವಾನೂ ಅಲ್ಲೇ ನಿಲ್ತಿತ್ತು."

"ನನ್ನ ಸಲುವಾಗಿ ಒಂದು ಸುಳ್ಳ ಹೇಳಾಕ ಬರ್ಲಿಲ್ಲೇನ್ರಿ ನಿಮಗ? ಅಮ್ಮಿ ಒಪ್ಪಿದ್ಳು!"

"ಹೇಳಿದ್ರ ನೀ ಸಿಗ್ತಿದ್ದಿ. ಗೊತ್ತೈತಿ. ಆದ್ರ ನಿನ್ನ ಮಾರಿ ಹೆಂಗ ನೋಡ್ಲಿ?"

ಜೀನತ ಹಿಂತಿರುಗಿ ನೋಡದೆ ಆಟೋ ಹತ್ತಿದಳು. ದಾರಿಯುದ್ದಕ್ಕೂ ಅವನನ್ನು ಶಪಿಸಿದಳು. ಶಪಿಸುತ್ತಲೇ ಅವನಿಗಾಗಿ ಅತ್ತಳು.

ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಅಮ್ಮಿ ಕಲ್ಲಿನಂತೆ ಕೂತು ಕೇಳಿದಳು.

"ಹಂಗಾರ ಮುಮ್ತಾಜ ಹೇಳಿದ್ದು ಸುಳ್ಳು?"

"ಸುಳ್ಳು ಅಮ್ಮಿ. ಕೆಸರಿನ್ಯಾಗ ಇತ್ತಂತ."

ಅಮ್ಮಿಯ ಎದೆಯೊಳಗಿಂದ ಒಂದು ಕೂಗು ಎದ್ದಿತು. ಮಗ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಅತ್ತು ಅತ್ತು ಸಾಕಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಷ್ಟ ವರ್ಷ ಎಲ್ಲಾರೂ ಸಮಾಧಾನ ಹೇಳ್ಯಾರ. ಖರೆ ಯಾರೂ ಹೇಳಿರ್ಲಿಲ್ಲ. ಕರಿ ಅವನ್ನ. ಮಾಫ್ ಮಾಡ್ತೇನೋ ಇಲ್ಲೋ ನನಗ ಗೊತ್ತಿಲ್ಲ. ಮೊದಲ ಜಾವೇದಗ ಸಲಾಂ ಹೇಳಿ ಬರ್ಲಿ."

ಮೋಡ ಕವಿದ ಮಧ್ಯಾಹ್ನ. ಮೂಡಲಗಿ ಹತ್ತಿರದ ಅವರ ಹಳೆಯ ಊರಿನ ಖಬರಸ್ತಾನ. ಅಮ್ಮಿ ಆಟೋದಲ್ಲೇ ತಸ್ಬೀಹ್ ಮಣಿಸರ ಹಿಡಿದು ಕೂತಳು. ಈ ಊರಲ್ಲಿ ಹೆಂಗಸರು ಒಳಗೆ ಹೋಗುವ ರೂಢಿ ಇಲ್ಲ. ಜೀನತ ಗೋಡೆಯ ಹೊರಗೆ ನಿಂತಳು. ತಾಜುದ್ದೀನ ಒಬ್ಬನೇ ಒಳಗೆ ಹೋದ.

ಅವನು ಹೊರಬಂದಾಗ ಮೊಣಕಾಲಿನ ತುಂಬ ಮಣ್ಣು.

"ಗೋರಿ ಹೆಂಗೈತಿ?" ಜೀನತ ಕೇಳಿದಳು. "ಕೇಳಿದಾಗೊಮ್ಮೆ ಮಾಮಾ ಒಂದ ಮಾತು ಹೇಳ್ತಾನ, 'ಹೂವಿನಂಗ ಐತವ್ವಾ, ಚಿಂತಿ ಮಾಡಬ್ಯಾಡ' ಅಂತ."

"ಹಂಗಿಲ್ಲ ಜೀನತ. ತಲಿ ಕಡೆ ಮಣ್ಣು ಕುಸದೈತಿ. ಕಲ್ಲು ವಾಲೈತಿ. ಕಂಟಿ ಬೆಳದು ಹೆಸರು ಕಾಣತಿರ್ಲಿಲ್ಲ. ಕೈಲೇ ಕಿತ್ತೇನಿ, ಇನ್ನೂ ಉಳದಾವ. ಬಾಜೂಕ ಒಂದು ಕೂಸಿನ ಗೋರಿ ಐತಿ. ಒಬ್ಬಾಂವ ಇಲ್ಲ ನಿಮ್ಮಣ್ಣ."

ಜೀನತ ಗೋಡೆಗೆ ಹಣೆ ಹಚ್ಚಿ ಬಿಕ್ಕಿದಳು. ಅಣ್ಣ ಮಲಗಿದ ಜಾಗ ಮೊದಲ ಸಲ ಅವಳಿಗೆ ಕಂಡಿತ್ತು.

"ನೋವಾತೇನು?"

"ಆತು. ಆದ್ರ ಈಗ ಅಂವ ಎಲ್ಲಿ ಅದಾನ ಅನ್ನೂದು ಗೊತ್ತಾತು." ಅವನ ಅಂಗೈಯ ಮಣ್ಣನ್ನು ಅವಳು ತನ್ನ ಕೈಯಿಂದ ಉದುರಿಸಿದಳು. "ನಿಮ್ಮನ್ನ ಮದುವಿ ಆಗ್ತೇನ್ರಿ. ನಿಮ್ಮನ್ನ ಬಿಟ್ಟು ಇರಾಕ ನನ್ನ ಕಡಿಂದ ಆಗೂದಿಲ್ಲ. ಆದ್ರ ಸಿಟ್ಟು ಹೋಗಿಲ್ಲ. ಯಾವಾಗ ಹೋಗ್ತೈತೋ ಗೊತ್ತಿಲ್ಲ."

"ಸಿಟ್ಟು ತಗೊಂಡ ಬಾ. ನಾ ಕಾಯ್ತೇನಿ."

ಆಟೋದಿಂದ ಅಮ್ಮಿ ಕೆಮ್ಮಿದ್ದು ಕೇಳಿಸಿತು. ಜೀನತ ಗಡಿಬಿಡಿಯಿಂದ ಕಣ್ಣು ಒರೆಸಿಕೊಂಡಳು.

"ನೋಡ್ರಿ, ನಾ ಅತ್ತಿದ್ದು ಗೊತ್ತಾಗ್ತೈತೇನು?"

"ಗೊತ್ತಾಗ್ತೈತಿ."

"ಒಂದ ಸಲ ಇಲ್ಲ ಅನ್ರಲ್ಲಾ!"

ಅವನ ಕೆನ್ನೆಯ ಮೇಲೂ ಹನಿಯಿಳಿಯಿತು. ಜೀನತ ದುಪಟ್ಟಾದ ಅಂಚು ಎತ್ತಿ ಅವನ ಕೆನ್ನೆಗೆ ಒತ್ತಿದಳು.

"ನಿಮ್ಮದೂ ಗೊತ್ತಾಗ್ತೈತಿ. ಬಗ್ರಿ ಸ್ವಲ್ಪ... ಒರಸ್ತೇನಿ."