ಲಾಸ್ಯಳ ಮ್ಯಾಕ್

ಹೈದರಾಬಾದಿನ ಅಮೀರ್‌ಪೇಟೆಯ ಟಿಫಿನ್ ಸೆಂಟರ್‌ನಲ್ಲಿ ನಿಂತಿದ್ದ ಹಿಮಜಳ ಪೆಸರಟ್ಟು ದೋಸೆ ಬಾಯಿಗೆ ಹೋಗದೆ ಕೈಯಲ್ಲೇ ಉಳಿಯಿತು!

ಎದುರಿನ ಕೋಚಿಂಗ್ ಸೆಂಟರ್‌ನ ಮೆಟ್ಟಿಲ ಮೇಲೆ ತ್ರಿನಾಥ. ಪಕ್ಕದಲ್ಲಿ ಜೂನಿಯರ್ ಲಾಸ್ಯ. ಇಬ್ಬರ ತಲೆಯೂ ಒಂದೇ ಲ್ಯಾಪ್‌ಟಾಪ್ ಮೇಲೆ. ಅದೂ... ಮ್ಯಾಕ್!

'ಲಿನಕ್ಸ್ ಬಿಟ್ಟು ಬೇರೇನೂ ಮುಟ್ಟಲ್ಲ ಅಂದವನು! ಇವನ ಮಾತು ಕಟ್ಕೊಂಡು ನಾನು ವಿಂಡೋಸ್ ಅಳಿಸಿ ಲಿನಕ್ಸ್ ಹಾಕಿಸ್ಕೊಂಡೆ. ಈಗ ಅವಳಿಗೋಸ್ಕರ ಮ್ಯಾಕಾ?'

ಹೊಟ್ಟೆಯೊಳಗೆ ಶುಂಠಿ ಚಟ್ನಿಗಿಂತ ಜೋರಾಗಿ ಉರಿಯತೊಡಗಿತು.

ಹಾಸ್ಟೆಲ್ ಮೆಸ್‌ಗಳಲ್ಲಿ ಇವತ್ತು ಏನು ಟಿಫಿನ್ ಅಂತ ಹೇಳುವ ಆ್ಯಪ್ ಅವರಿಬ್ಬರ ಕೂಸು. ಚಿತ್ರಗಳು ಅವಳವು, ಕೋಡ್ ಅವನದು. ಅಕ್ಕ ಬಳಸಿ ಕೊಟ್ಟ ಅವಳ ಹಳೆ ಐಫೋನನ್ನು ಅವನು ಪ್ರತಿ ಭಾನುವಾರ ಒಯ್ಯುತ್ತಿದ್ದ. "ಆ್ಯಪ್ ಸ್ವಲ್ಪ ಸರಿ ಮಾಡ್ಬೇಕು" ಅನ್ನುತ್ತಿದ್ದ.

ಇವತ್ತೂ ಒಯ್ದಿದ್ದ. ಆದರೆ ಹೋಗಿದ್ದು ಇಲ್ಲಿಗೆ!

ಸ್ವಲ್ಪ ಹೊತ್ತಿಗೆ ನಗುತ್ತಾ ಬಂದ.

"ತಗೋ ನಿನ್ನ ಫೋನು. ಹಿಮಾ, ನಾನೂ ಮ್ಯಾಕ್ ತಗೊಳ್ಳೋಣ ಅಂತಿದೀನಿ ಕಣೇ. ಏನಂತೀಯ?"

"ನನ್ನ ಯಾಕೆ ಕೇಳ್ತೀಯ? ಮೆಟ್ಟಿಲ ಮೇಲೆ ಕೂತಿದ್ದಾಳಲ್ಲ, ಅವಳನ್ನೇ ಕೇಳು!"

"ಲೇ, ಅದು ಹಾಗಲ್ಲ..."

"ಇನ್ಮೇಲೆ ನನ್ನ ಫೋನ್ ಮುಟ್ಟಬೇಡ!"

ಮುಂದಿನ ಭಾನುವಾರ ಅವಳು ಹಾಸ್ಟೆಲ್‌ನಿಂದ ಆಚೆಗೇ ಬರಲಿಲ್ಲ. ಅವನ ಕರೆಗಳನ್ನೂ ಎತ್ತಲಿಲ್ಲ.

ಸೋಮವಾರ ಆ್ಯಪ್ ಒತ್ತಿದಳು. ತೆರೆಯಲಿಲ್ಲ. ಮತ್ತೆ ಒತ್ತಿದಳು... ಊಹೂಂ.

'ನನ್ನನ್ನ ಕಿತ್ತು ಹಾಕಿಬಿಟ್ಟ! ಅಷ್ಟು ಬೇಗ!'

ಕಣ್ಣು ತುಂಬಿತು. ಆದರೆ ಸಿಟ್ಟು ಅಳುವುದಕ್ಕೂ ಬಿಡಲಿಲ್ಲ. ನೇರ ಲಾಸ್ಯಳ ಮುಂದೆ ಹೋಗಿ ಫೋನ್ ಹಿಡಿದಳು.

"ಸಂತೋಷ ಆಯ್ತಾ ನಿಂಗೆ?"

ಲಾಸ್ಯ ಫೋನ್ ನೋಡಿ, "ಅಯ್ಯೋ, ಸತ್ತೋಯ್ತಾ ಅಕ್ಕಾ? ನಿನ್ನೆ ಅಣ್ಣ ಬರ್ಲೇ ಇಲ್ವಲ್ಲ, ಅದಕ್ಕೇ!" ಎಂದಳು.

"ಅಣ್ಣಾನಾ?!"

"ತ್ರಿನಾಥಣ್ಣ! ಐಫೋನ್‌ಗೆ ಆ್ಯಪ್ ಕಟ್ಟೋಕೆ ಮ್ಯಾಕೇ ಬೇಕು ಅಕ್ಕಾ. ಕಂಪನಿಗೆ ದುಡ್ಡು ಕಟ್ಟದೆ ಹಾಕಿದ್ರೆ ವಾರಕ್ಕೇ ಸಾಯುತ್ತೆ, ಮತ್ತೆ ಹಾಕ್ಬೇಕು. ನಿಮ್ಮೊಬ್ಬರ ಫೋನಿಗೋಸ್ಕರ ಪ್ರತಿ ಭಾನುವಾರ ಬಂದು ನನ್ನ ಪ್ರಾಣ ತಿಂತಾನೆ. ಒಂದು ಸಮೋಸಾನೂ ಕೊಡಿಸಿಲ್ಲ, ಬರೀ ನಿಮ್ಮ ಪುರಾಣ!"

ಹಿಮಜಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತನ್ನ ಕೈಯಲ್ಲೇ ಇದ್ದ ಆ್ಯಪ್ ಅಲ್ಲಿಗೆ ಹೇಗೆ ಬಂತು ಅಂತ ಒಂದು ದಿನವೂ ಕೇಳಿರಲಿಲ್ಲವಲ್ಲ...!

ತ್ರಿನಾಥ ಟಿಫಿನ್ ಸೆಂಟರ್‌ನಲ್ಲೇ ಸಿಕ್ಕಿದ. ಮುಖ ಬಾಡಿತ್ತು. ಎದುರಿನ ಚಹಾದ ಮೇಲೆ ಕೆನೆ ಕಟ್ಟಿತ್ತು.

"ಯಾಕೋ ಹೇಳ್ಲಿಲ್ಲ?" ಅವಳು ಕೇಳಿದಳು.

"ಹೇಳಿದ್ರೆ ನೀನು 'ಬೇಡ ಬಿಡು, ಬೇರೆ ಫೋನ್ ತಗೋತೀನಿ' ಅಂತಿದ್ದೆ. ಆಮೇಲೆ ಭಾನುವಾರ ನಿನ್ನ ನೋಡೋಕೆ ನನಗೇನಿತ್ತು ನೆಪ?"

ಅವಳು ಅವನ ಬೆಂಚಿನ ತುದಿಯಲ್ಲಿ ಕೂತಳು.

"ಪೆದ್ದ... ನೆಪ ಬೇಕಿತ್ತಾ ನಿಂಗೆ?"

"ಇಷ್ಟ ಅಂತ ಹೇಳೋ ಧೈರ್ಯ ಇರ್ಲಿಲ್ಲ ಕಣೇ. ಈಗ ಹೇಳ್ತಿದೀನಿ. ನೀನಂದ್ರೆ ಇಷ್ಟ."

ಅವಳು ಕಣ್ಣೊರೆಸಿಕೊಂಡು ಫೋನನ್ನು ಅವನ ಅಂಗೈಯಲ್ಲಿಟ್ಟಳು. ಆದರೆ ಬೆರಳು ತೆಗೆಯಲಿಲ್ಲ.

"ಮ್ಯಾಕೇ ತಗೋ. ಕಂತಲ್ಲಿ ಅರ್ಧ ನಾನೂ ಕೊಡ್ತೀನಿ."

"ಮತ್ತೆ ಲಿನಕ್ಸು?"

"ಅದು ನನ್ನ ಲ್ಯಾಪ್‌ಟಾಪಲ್ಲಿ ಇರುತ್ತಲ್ಲ, ನೀನೇ ಹಾಕಿದ್ದು... ಅದನ್ನ ಯಾರು ಅಳಿಸ್ತಾರೆ?"

"ಹಾಗಾದ್ರೆ ಭಾನುವಾರ ಫೋನ್ ಒಯ್ಯೋ ಹಾಗಿಲ್ವಾ?"

"ಒಯ್ಯೋದು ಬೇಡ. ಇಲ್ಲೇ ಕೂತು ಮಾಡು." ಅವಳು ಅವನ ಪಕ್ಕಕ್ಕೆ ಸರಿದು ಕುಳಿತಳು. "ನಿಧಾನವಾಗಿ ಮಾಡು..."